ಮರಳಿ ಕಟ್ಟದ ಕರಡಿಗೆ

ತೀರಿಕೊಂಡ ತಮ್ಮನ ಅಂಗಿಯ ಗುಂಡಿ ಬಿಚ್ಚುತ್ತಿದ್ದ ಪಂಚಾಕ್ಷರಪ್ಪನ ಕೈ ಅರ್ಧಕ್ಕೇ ನಿಂತಿತು. ಗೋಡೆಗೆ ಒರಗಿಸಿ ಕೂರಿಸಿದ್ದ ವಾಮದೇವಪ್ಪನ ಕೊರಳಲ್ಲಿ ದಾರವಿರಲಿಲ್ಲ. ದಾರವಿಲ್ಲವೆಂದರೆ ಲಿಂಗವಿಡುವ ಬೆಳ್ಳಿಯ ಕರಡಿಗೆ ಇಲ್ಲ, ಕರಡಿಗೆ ಇಲ್ಲವೆಂದರೆ ಹುಟ್ಟಿದಾಗ ಕಟ್ಟಿದ ಇಷ್ಟಲಿಂಗವೂ ಇಲ್ಲ. ಮೈ ತೊಳೆಯಲು ಬಿಸಿನೀರು ತಂದಿದ್ದ ಪಕ್ಕದ ಮನೆಯ ಉಚ್ಚೆಂಗೆಮ್ಮ ಬಿಂದಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

“ಲಿಂಗ ಎಲ್ಲೈತೆ ಬಸವಣ್ಣೆಮ್ಮ?” ಪಂಚಾಕ್ಷರಪ್ಪ ತಮ್ಮನ ಹೆಂಡತಿಯನ್ನು ಕೇಳಿದ.

ಒಳಕೋಣೆಯ ಬಾಗಿಲಲ್ಲಿ ಕೂತಿದ್ದ ಬಸವಣ್ಣೆಮ್ಮ ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ. ಸೆರಗನ್ನು ಮಾತ್ರ ಕೊರಳವರೆಗೆ ಎಳೆದುಕೊಂಡಳು.

“ಅಲ್ಲೇ ಬಿಟ್ಟು ಬಂದಾನ,” ಅಂದ ಪಂಚಾಕ್ಷರಪ್ಪ. “ಇಂಗ್ಲೆಂಡಿಗೆ ಹೋಗಿ ದೊಡ್ಡ ಸರ್ಜನ್ ಆಗ್ತೀನಿ ಅಂದ. ಬಂದು ಹರಿಹರದಾಗ ಕೆಮ್ಮಿಗೆ ಔಷಧ ಕೊಟ್ಕಂಡು ಕುಂತ. ಲಿಂಗಾನೂ ಕಳ್ಕಂಡಾನ ಅಂತ ಇವತ್ತು ಗೊತ್ತಾತು.”

ಅಂಗಳದಲ್ಲಿ ಬಾಳೆಕಂಬ ಕಟ್ಟಿ, ಹೆಣ ಕೂರಿಸಿ ಒಯ್ಯುವ ವಿಮಾನ ಸಿದ್ಧಮಾಡುತ್ತಿದ್ದವರ ನಡುವೆ ಟಾಂಗಾದ ಮಕ್ತುಮ್ ಸಾಬ್ ನಿಂತಿದ್ದ. “ಹಂಗನ್ನಬ್ಯಾಡ್ರಿ ಯಜಮಾನ್ರೆ. ನನ್ ಕುದುರಿ ಕೆಮ್ಮಿದ್ರೂ ಡಾಕ್ಟರ್ ಸಾಹೇಬ್ರು ಔಷಧ ಕೊಟ್ರು. ಅದಕ್ಕೆ ಕಹಿ ಆಗ್ತೈತೇನೋ ಅಂತ ಮೊದ್ಲು ತಾವೇ ನೆಕ್ಕಿ ನೋಡಿದ್ರು.”

ಯಾರೋ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

ಪಂಚಾಕ್ಷರಪ್ಪ ಮಠದಿಂದ ಬಂದಿದ್ದ ಅಯ್ಯನವರ ಕಡೆ ತಿರುಗಿದ. “ಕೊಕ್ಕನೂರ ಹೊಲದಾಗ ಅಪ್ಪಾಜಿ ಸಮಾಧಿ ಪಕ್ಕ ಇವನ್ನ ಹೆಂಗ್ ಕೂರಿಸೋದ್ರಿ ಈಗ?”

“ಮಠದಿಂದ ಹೊಸ ಲಿಂಗ ತರಿಸಿ ಅಂಗೈಯಾಗ ಇಡಾಣ,” ಅಂದರು ಅಯ್ಯನವರು. “ಆದ್ರೆ ಹಿರೇರ ಪಕ್ಕ ಬ್ಯಾಡ. ಹೊಲದ ಬದುವಿನ ಕಡೆ ಗುಣಿ ತೆಗೆಸ್ರಿ.”

ಬಸವಣ್ಣೆಮ್ಮನ ಸೆರಗಿನ ಅಡಿಯಲ್ಲಿ ಎರಡು ದಾರಗಳಿದ್ದವು. ಬಾಯಿ ಬಿಟ್ಟರೆ ಗಂಡ ಇಷ್ಟು ವರ್ಷ ಕೋಟಿನ ಜೇಬಿನಲ್ಲಿ ಬಚ್ಚಿಟ್ಟಿದ್ದ ಗುಟ್ಟು ಅಂಗಳಕ್ಕೆ ಬೀಳುತ್ತದೆ. ಬಿಡದಿದ್ದರೆ ಅವನು ಯಾವುದೋ ಗುರುತಿಲ್ಲದ ಲಿಂಗ ಹಿಡಿದುಕೊಂಡು, ಅಪ್ಪನಿಂದ ದೂರ, ಬದುವಿನಲ್ಲಿ ಒಬ್ಬನೇ ಕೂರಬೇಕು.

*

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಗಂಡ ಹೆಂಡತಿ ಹೋದ ಇಂಗ್ಲೆಂಡಿನ ಆ ಊರೂ ದಾವಣಗೆರೆಯ ಹಾಗೆ ಹತ್ತಿ ಗಿರಣಿಯ ಊರೇ. ಕತ್ತಲಿರುವಾಗಲೇ ಸೈರನ್ ಕೂಗಿದರೆ, ಬಸವಣ್ಣೆಮ್ಮ ಒಂದು ಗಳಿಗೆ ಮಂಡಿಪೇಟೆಯ ಮನೆಯಲ್ಲೇ ಮಲಗಿದ್ದೇನೆ ಅಂದುಕೊಳ್ಳುತ್ತಿದ್ದಳು. ವಾಮದೇವಪ್ಪ ಹೋದದ್ದು ಎದೆ ಕೊಯ್ದು ಶ್ವಾಸಕೋಶದ ಗಾಯ ತೆಗೆಯುವ ವಿದ್ಯೆ ಕಲಿಯಲು. ಆಪರೇಷನ್ ಥಿಯೇಟರಿನೊಳಗೆ ಕೊರಳಲ್ಲಿ ಏನೂ ಇರಕೂಡದು ಅಂದರು ಅಲ್ಲಿಯವರು. ಲಿಂಗ ಮೈ ಬಿಟ್ಟಿರಕೂಡದು ಅಂತ ಇವನು ಹಾಲು ಕುಡಿಯುವಾಗಲೇ ಕಲಿತದ್ದು.

“ಗೂಟಕ್ಕೆ ನೇತುಹಾಕಿ ಹೋಗಾಕ ನಂಗಾಗಲ್ಲ,” ಅಂದ. “ನೀ ಹಿಡ್ಕಂಡಿರು. ನಿನ್ ಮೈ ಏನ್ ಬ್ಯಾರೆಯವ್ರದಾ?”

ಆಪರೇಷನ್ ಇದ್ದ ದಿನ ಅವಳು ಎಡಗೈಯಲ್ಲಿ ಕರಡಿಗೆ ಹಿಡಿದು ಕಿಟಕಿಯ ಬಳಿ ಕೂರುವಳು. ಅವನು ಬರುವವರೆಗೆ ತುತ್ತು ಮುಟ್ಟುತ್ತಿರಲಿಲ್ಲ. ಅವನು ಬಂದು, ಉಜ್ಜಿ ಉಜ್ಜಿ ಕೆಂಪಾದ ಕೈಗಳನ್ನು ಹಿಂದೆ ಕಟ್ಟಿ ಕೊರಳು ಬಗ್ಗಿಸಿದರೆ, ಇವಳು ದಾರ ಹಾಕುವಳು.

“ಉಳ್ದನೇನ್ರಿ?”

“ಉಳ್ದ. ಊಟ ಹಾಕು.”

ಉಳಿಯದಿದ್ದ ದಿನ ಬರೀ ಊಟ ಹಾಕು ಅನ್ನುತ್ತಿದ್ದ.

ಪರೀಕ್ಷೆಯೇನೋ ಪಾಸಾಯಿತು. ಆದರೂ ವರ್ಷ ವರ್ಷ ಅವನು ದೊಡ್ಡವರ ಪಕ್ಕದಲ್ಲಿ ನಿಲ್ಲುವ ಎರಡನೆಯ ಕೈಯಾಗೇ ಉಳಿದ. ಕೊನೆಗೆ ಜಾಗ ಖಾಲಿಯಾದಾಗ, ಇವನು ಕತ್ತರಿ ಹಿಡಿಯಲು ಕಲಿಸಿದ ಹುಡುಗನಿಗೇ ಅದು ಸಿಕ್ಕಿತು. “ನಿನ್ನ ಕೈ ಬಂಗಾರ, ಆದರೆ ನಿನ್ನ ಹೆಸರು ನಮ್ಮ ರೋಗಿಗಳ ಬಾಯಲ್ಲಿ ಹೊರಳುವುದಿಲ್ಲ,” ಅಂದರಂತೆ ದೊಡ್ಡ ಡಾಕ್ಟರು. ಅದನ್ನು ಹೇಳಿ ಅವನು ಟ್ರಂಕು ಕೆಳಗಿಳಿಸಿದ.

ದಾವಣಗೆರೆಗೆ ಬಂದ ಮೇಲೆ ಅವನ ಕೈಯಿಂದ ಎಷ್ಟೋ ಗಿರಣಿಯವರು ಉಸಿರು ಪಡೆದರು. ಹಾಗೇ ಒಂದು ದಿನ ಹೊತ್ತಿಗೆ ಮುಂಚೆಯೇ ಮನೆಗೆ ಬಂದ. ಬಸವಣ್ಣೆಮ್ಮ ದಾರ ಎತ್ತಿ ಹಿಡಿದಳು. ಅವನು ಕೊರಳು ಬಗ್ಗಿಸಲಿಲ್ಲ.

“ಎಡಗೈ ನಡುಗ್ತು ಕಣೆ. ಹೊಲಿಗೆ ಚಿಕ್ಕ ಡಾಕ್ಟ್ರು ಹಾಕಿದ್ರು.” ದಾರವನ್ನು ಅವಳ ಕಡೆಗೇ ಸರಿಸಿ ಅಂದ, “ಈಗ ಇದನ್ನ ಹಾಕ್ಕಂಡ್ರೆ ನನ್ ಕೆಲ್ಸ ಮುಗೀತು ಅಂತ ಆಗ್ತೈತೆ. ಕೈ ಸರಿಯಾಗ್ಲಿ. ಇನ್ನೊಂದು ಆಪರೇಷನ್ ಮಾಡಿ ಬಂದು ಹಾಕ್ಕಂತೀನಿ.”

ಆ ಇನ್ನೊಂದು ಬರಲೇ ಇಲ್ಲ. ಎಡಗೈ ಕೋಟಿನ ಜೇಬು ಸೇರಿತು. ದಿನಾ ಬೆಳಗ್ಗೆ ಅವಳ ಅಂಗೈ ಮೇಲೆ ಲಿಂಗವಿಟ್ಟು, ಬಲಗೈಯಿಂದ ವಿಭೂತಿ ಧರಿಸಿ ಪೂಜೆ ಮಾಡುತ್ತಿದ್ದ. ಹರಿಹರದ ಸೇತುವೆ ಕಡೆ ಒಂದು ಕೋಣೆ ಹಿಡಿದು ಕೆಮ್ಮಿಗೆ ಔಷಧ ಕೊಡತೊಡಗಿದ. ಅವನ ದಾರವನ್ನು ತನ್ನ ಕೊರಳಿಗೆ ಹಾಕಿಕೊಂಡು, ಅದು ಅವನಿಗೆ ಮರಳುವವರೆಗೆ ಎಂದು ಅವಳು ಹಗಲೂಟ ಬಿಟ್ಟಳು. ಕೇಳಿದವರಿಗೆ ವ್ರತ ಅಂದಳು.

*

ಬಸವಣ್ಣೆಮ್ಮ ಎದ್ದು ಬಂದು, ಎಲ್ಲರೆದುರಿಗೆ ಕೊರಳಿನಿಂದ ಎರಡು ದಾರ ಹೊರಗೆಳೆದಳು.

“ಅವರು ಕಳ್ಕಂಡಿಲ್ಲ ಬಾವಾರೆ. ನನ್ ಹತ್ರ ಐತೆ.”

ಆಮೇಲೆ ಹೇಳಿದಳು. ಕಿಟಕಿ, ದಾರ, ನಡುಗಿದ ಕೈ, ಜೇಬು. ಒಂದೊಂದನ್ನೂ ಹೇಳುವಾಗ ಗಂಡನ ಕಡೆ ನೋಡಿ, ಹೇಳಲೇ ಎಂದು ಕೇಳಿದ ಹಾಗೆ ನಿಲ್ಲಿಸುತ್ತಿದ್ದಳು.

ಪಂಚಾಕ್ಷರಪ್ಪ ತಮ್ಮನ ಎದುರಿಗೆ ನೆಲದ ಮೇಲೆ ಕುಸಿದು ಕೂತ. ತಣ್ಣಗಾದ ಆ ಎಡಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

“ಅಪ್ಪಾಜಿಗೂ ಹಂಗೇ ಆಗಿತ್ತಲ್ಲೋ. ನೀರಿನ ಲೋಟ ನಾನೇ ಹಿಡೀತಿದ್ದೆ. ನಂಗ್ಯಾಕ ಹೇಳ್ಲಿಲ್ಲ ನೀನು.” ತಲೆ ಎತ್ತದೆಯೇ ಅಂದ, “ಅಯ್ಯನವರೆ, ಇವನು ಅಪ್ಪಾಜಿ ಪಕ್ಕಾನೇ ಕೂರ್ಲಿ.”

ಅಯ್ಯನವರು ಬಸವಣ್ಣೆಮ್ಮನ ಕೊರಳಿನ ಎರಡು ದಾರಗಳನ್ನು ನೋಡಿದರು. “ಅಷ್ಟ್ ದಿನ ಹಿಡ್ಕಂಡಾರ. ಅಲ್ಲಿ ಇಡೋದೂ ಅವರೇ ಇಡ್ಲಿ,” ಅಂದರು.

ಕೊಕ್ಕನೂರಿನ ಹೊಲದಲ್ಲಿ, ಗುಣಿಯೊಳಗೆ ಕೂತವನ ಅಂಗೈ ಮೇಲೆ ಬಸವಣ್ಣೆಮ್ಮ ಬಗ್ಗಿ ಲಿಂಗವಿಟ್ಟಳು. ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿದಳು. ವಿಭೂತಿ, ಪತ್ರೆ, ಆಮೇಲೆ ಮಣ್ಣು.

ಜನ ಚದುರಿದ ಮೇಲೆ ಉಚ್ಚೆಂಗೆಮ್ಮ ಅವಳನ್ನು ಬೇವಿನ ನೆರಳಿಗೆ ಕರೆತಂದಳು. ಬಿಸಿಲು ಇನ್ನೂ ನೆತ್ತಿಯ ಮೇಲಿತ್ತು.

“ಒಂದೀಟು ನೀರಾದ್ರೂ ಕುಡೀರಿ. ಹಗಲೊತ್ತು ನೀವು ಉಣ್ಣಲ್ಲ, ನಂಗೊತ್ತು.”

“ಅವರು ಬಂದ್ರು,” ಅಂದಳು ಬಸವಣ್ಣೆಮ್ಮ. “ಊಟ ಹಾಕು.”

ಉಚ್ಚೆಂಗೆಮ್ಮ ಮುತ್ತುಗದ ಎಲೆ ಹಾಸಿ ಅನ್ನ ಸಾರು ಬಡಿಸಿದಳು. ಬಸವಣ್ಣೆಮ್ಮ ತಲೆ ತಗ್ಗಿಸಿ ಒಂದೇ ಸಮನೆ ಉಂಡಳು. ಎಡಗೈ ಮಾತ್ರ ಮಡಿಲಲ್ಲಿ ಬೊಗಸೆಯ ಹಾಗೆ ತೆರೆದೇ ಇತ್ತು, ಅದರಲ್ಲಿ ಬೇವಿನ ಒಂದು ಒಣ ಎಲೆ ಬಂದು ಬಿದ್ದರೂ ಅವಳು ಕೊಡವಲಿಲ್ಲ.