ಒಳಗೆ ಬಿಟ್ಟ ಬಟ್ಟೆ

ಇಸ್ತ್ರಿಪೆಟ್ಟಿಗೆಯ ಕೆಂಪು ದೀಪ ಆರಿತು, ಅಂದರೆ ಕಾದಿದೆ, ಒದ್ದೆ ಬಟ್ಟೆಯ ಮೇಲಿಟ್ಟರೆ ಚುಸ್ಸೆಂದು ಹಬೆ, ಆ ಹಬೆಗೆ ಮುಖ ಕೊಟ್ಟು ಒಂದು ಗಳಿಗೆ ನಿಲ್ಲುವುದು ಅವಳಿಗೀಗ ಅಭ್ಯಾಸವೇ ಆಗಿಬಿಟ್ಟಿದೆ, ನೀರು ಕುಡಿಯುವ ಹಾಗಿಲ್ಲ ಅಂದರು, ನೀರಿನ ಹಬೆ ತಗೊಳ್ಳಬೇಡ ಅಂತ ಯಾರೂ ಅಂದಿಲ್ಲವಲ್ಲ — ಇವತ್ತಿನ ಪಾಲಿನ ಲೋಟ ಆಗಲೇ ಖಾಲಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ, ಗಾಜಿನ ಬಾಗಿಲಾಚೆ ಬೀದಿಯಲ್ಲಿ ಯಾರೋ ಬಾಟಲಿ ಎತ್ತಿ ಗಟಗಟ ಕುಡಿಯುತ್ತ ಹೋದ, ಪುಣ್ಯಾತ್ಮ, ಅರ್ಧ ಗದ್ದಕ್ಕೇ ಚೆಲ್ಲಿಕೊಂಡ. ತಮ್ಮ ಬರುತ್ತಾನೆ. ಬೆಳಿಗ್ಗೆ ಫೋನ್ ಮಾಡಿದ್ದ, ಅಕ್ಕಾ, ಮಧ್ಯಾಹ್ನ ಬಿಡುವಲ್ಲಿ ಬರ್ತೀನಿ, ಕೋಟು ಬಿಗಿ ಆಗಿದೆ ಕಣಕ್ಕಾ, ಗುಂಡಿ ಹಾಕಿದ್ರೆ ಉಸಿರು ಬಿಡೋಕಾಗಲ್ಲ, ಸ್ವಲ್ಪ ಲೂಸ್ ಮಾಡ್ಕೊಡು, ಅಂತ ನಕ್ಕಿದ್ದ, ಅವಳೂ ನಕ್ಕು ಬಾರೋ ಅಂದಿದ್ದಳು, ಫೋನ್ ಇಟ್ಟ ಮೇಲೆ ಕೈ ತಾನಾಗಿ ಹೊಲಿಗೆ ಮಿಷನ್ನಿನ ಡ್ರಾಯರಿನ ಕಡೆ ಹೋಗಿ ಅಲ್ಲೇ ನಿಂತಿತ್ತು. ಆ ಡ್ರಾಯರಿನ ಹಿಡಿ ಮುರಿದು ಎಷ್ಟು ಕಾಲವಾಯಿತೋ, ಹಿಡಿಯಿದ್ದ ತೂತಿಗೆ ಒಂದು ಬಟ್ಟೆಯ ಪಟ್ಟಿ ಪೋಣಿಸಿ ಗಂಟು ಹಾಕಿಕೊಂಡಿದ್ದಾಳೆ, ಮರೂನ್ ಬಣ್ಣದ್ದು, ಬೆರಳಗಲ, ಉದ್ದಕ್ಕೂ ಹಳೆ ಹೊಲಿಗೆಯ ಸೂಜಿತೂತುಗಳ ಸಾಲು. ಅದನ್ನು ಹಿಡಿದೆಳೆದರೆ ಡ್ರಾಯರ್ ಬರುತ್ತದೆ.

ಇವತ್ತು ಹೇಳಿಬಿಡಬೇಕು. ನಿನ್ನೆ ಡಯಾಲಿಸಿಸ್ ಹಾಲಿನಲ್ಲಿ ಡಾಕ್ಟರಮ್ಮ ಕುರ್ಚಿಯ ಪಕ್ಕಕ್ಕೇ ಬಂದು ನಿಂತು, ನೋಡಿ, ಹೃದಯದ ಮೇಲೂ ಭಾರ ಬೀಳ್ತಿದೆ, ನಿಮ್ಮ ತಮ್ಮ ಈಗಲೂ ಕೊಡೋಕೆ ತಯಾರಿದಾರಾ, ಕೇಳಿ ನೋಡಿ, ತಡ ಮಾಡ್ಬೇಡಿ ಅಂದರು, ಕೇಳ್ತೀನಿ ಅಂದಳು, ಎಷ್ಟು ಸಲೀಸಾಗಿ ಅಂದಳು, ಒಂದು ಸ್ಟೂಲು ಎರವಲು ಕೇಳುವವಳ ಹಾಗೆ. ಅವನೇನು ಆಗ ಕೇಳಲಿ ಅಂತ ಕಾದಿದ್ದನೇ, ಅವಳ ಎರಡೂ ಕಿಡ್ನಿ ಕೈಕೊಟ್ಟಾಗ ತಾನಾಗಿ ಮುಂದೆ ಬಂದವನು, ನನ್ನ ಹತ್ರ ಎರಡಿದೆ, ಒಂದು ನಿಂಗೆ, ಚಿಕ್ಕವನಿದ್ದಾಗ ನಿನ್ನ ತಟ್ಟೆಯಿಂದ ಕದ್ದು ತಿಂದೇ ಬೆಳೆದದ್ದಲ್ವಾ ಅದು, ಅಂತ. ರಕ್ತ ಹೊಂದಿತು, ಎಲ್ಲ ಹೊಂದಿತು, ತೂಕ ಮಾತ್ರ ಇಳಿಸಲೇಬೇಕು ಅಂದರು, ಇಳಿಸಿದ, ಸಿಹಿ ಬಿಟ್ಟ, ಊಟ ಅರ್ಧ ಮಾಡಿದ, ಬಸ್ಸು ಬಿಟ್ಟು ನಡೆದ, ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಬಾಗಿಲು ತೆರೆಯುವ ಕೆಲಸ ಅವನದು, ದಿನವಿಡೀ ಒಳಗಿನ ಅಡುಗೆಯ ಘಮ ಮೂಗಿಗೆ, ಹೊಟ್ಟೆಯಲ್ಲಿ ಸೌತೆಕಾಯಿ. ಕೋಟು ದೊಗಲೆಯಾಯಿತು. ಮೇಲ್ವಿಚಾರಕ ಕರೆದು, ಏನ್ರೀ, ನೀವು ಕೋಟು ಹಾಕ್ಕೊಂಡಿದೀರೋ ಕೋಟು ನಿಮ್ಮನ್ನ ಹಾಕ್ಕೊಂಡಿದೆಯೋ ಅಂದನಂತೆ, ಹೇಳಿಕೊಂಡು ಬಿದ್ದುಬಿದ್ದು ನಕ್ಕಿದ್ದ, ನಗುವಾಗ ಕೊರಳಿನ ನರ ಎದ್ದು ಕಾಣುತ್ತಿತ್ತು. ಹೊಸ ಕೋಟು ಕೊಡುವುದಿಲ್ಲ, ಆ ಬಟ್ಟೆ ಅಂಗಡಿಯಲ್ಲಿ ಸಿಗುವುದೂ ಇಲ್ಲ, ಹೋಟೆಲಿನವರೇ ನೇಯಿಸಿ ತರಿಸುವುದು, ಬೇರೆ ಮರೂನ್ ಸೇರಿಸಿದರೆ ಬಿಸಿಲಿಗೆ ಬಿದ್ದ ಕೂಡಲೇ ತೇಪೆ ಅಂತ ಗೊತ್ತಾಗುತ್ತದೆ. ಕೊಡು, ಎರಡೂ ಪಕ್ಕ ಹಿಡಿದು ಹೊಲೀತೀನಿ ಅಂತ ಅವಳೇ ಇಟ್ಟುಕೊಂಡಳು.

ಆ ದಿನಗಳಲ್ಲೇ ಅಲ್ಲವೇ ತಮ್ಮನ ಮನೆಗೆ ಹೋದದ್ದು, ಮೇಜಿನ ಸುತ್ತ ಮಕ್ಕಳು ತಿನ್ನುತ್ತಿದ್ದರು, ಅವನು ಖಾಲಿ ತಟ್ಟೆ ಮುಂದಿಟ್ಟುಕೊಂಡು ಮಕ್ಕಳ ಬಾಯನ್ನೇ ನೋಡುತ್ತಿದ್ದ, ಅವನ ಹೆಂಡತಿ ನೀರು ತಂದಿಡುತ್ತ, ನಿಮ್ಮ ತಮ್ಮ ನಿದ್ದೇಲೂ ಅಗೀತಾರೆ ಅತ್ತಿಗೆ, ನಾನು ಎದ್ದು ಕೂತು ನೋಡ್ತಿರ್ತೀನಿ, ಅಂತ ನಗಾಡಿದಳು, ನಗುತ್ತಲೇ ಒಳಗೆ ಹೋಗಿ ಎಷ್ಟೋ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು. ಪಾತ್ರೆ ತೊಳೆಯುವ ಸದ್ದಲ್ಲ ಅದು, ಬರಿಯ ನೀರಿನ ಸದ್ದು. ಅದಾದ ಮೇಲೆಯೇ ಡಯಾಲಿಸಿಸ್‌ನಲ್ಲಿ ಪಕ್ಕದ ಕುರ್ಚಿಯ ಮೇಷ್ಟ್ರು ಆ ಹೊಸ ಕ್ಲಿನಿಕ್ಕಿನ ಸುದ್ದಿ ಎತ್ತಿದ್ದು, ಸ್ಟೆಮ್ ಸೆಲ್ ಅಂತಮ್ಮಾ, ನಮ್ಮ ಸೊಂಟದ ಮೂಳೆಯಿಂದಲೇ ಮಜ್ಜೆ ತೆಗೆದು, ಅದರಲ್ಲಿರೋ ಕಣಗಳನ್ನ ಸೋಸಿ ನಮಗೇ ಚುಚ್ತಾರಂತೆ, ಹೋಗಿ ಕೆಟ್ಟ ಕಿಡ್ನೀನ ರಿಪೇರಿ ಮಾಡ್ತವಂತೆ. ಮೀನಿನ ತೊಟ್ಟಿಯಿದ್ದ ತಣ್ಣನೆಯ ಕ್ಲಿನಿಕ್ಕು, ಟೈ ಕಟ್ಟಿದ ಡಾಕ್ಟರು, ನಿಮ್ಮದೇ ಕಣ, ನಿಮಗೇ ಔಷಧಿ, ಇನ್ನೊಬ್ಬರ ಹಂಗು ಯಾಕೆ ಬೇಕು ನಿಮಗೆ, ಅಂದಿದ್ದ, ಹಂಗು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ ಮಿಕ್ಕದ್ದೇನೂ ಅವಳಿಗೆ ಕೇಳಿಸಲಿಲ್ಲ. ಡಾಕ್ಟರಮ್ಮ ಬೇಡವೆಂದರು, ಅದಿನ್ನೂ ಪ್ರಯೋಗದಲ್ಲೇ ಇದೆ, ಗುಣ ಆಗತ್ತೆ ಅಂತ ಯಾರೂ ಖಚಿತವಾಗಿ ತೋರಿಸಿಲ್ಲ, ಮನೆಯಲ್ಲೇ ಕೊಡೋರು ಇರುವಾಗ ಯಾಕೆ ಈ ಹುಚ್ಚಾಟ. ಯಾಕೆಂದರೆ ಆ ನಲ್ಲಿಯ ಸದ್ದು, ಇನ್ನೇನು. ಸೊಂಟಕ್ಕೆ ಸೂಜಿ ಹಾಕಿದರು, ಹಲ್ಲು ಕಚ್ಚಿದಳು, ಚುಚ್ಚಿ ಕಳಿಸಿದ ಮೇಲೆ ಮೈ ಹಗುರವಾಯಿತು, ನಿಜವಾಗಿ ಹಗುರವಾಯಿತೋ ಆಗಲಿ ಅಂದುಕೊಂಡದ್ದಕ್ಕೆ ಆಯಿತೋ, ಮೊದಲ ರಕ್ತಪರೀಕ್ಷೆಯಲ್ಲಿ ಕಲ್ಮಶದ ಅಂಕಿ ಚೂರೇ ಚೂರು ಇಳಿದಿತ್ತು, ಅಷ್ಟು ಏರಿಳಿತ ಎಲ್ಲರಿಗೂ ಇರತ್ತೆ ಅಂತ ಡಾಕ್ಟರಮ್ಮ ಹೇಳಿದ್ದನ್ನು ಹೊಟ್ಟೆಕಿಚ್ಚಿನ ಮಾತು ಅಂದುಕೊಂಡಳಲ್ಲ, ಬುದ್ಧಿಗೇಡಿ. ಆವತ್ತೇ ಫೋನ್ ಮಾಡಿದ್ದು, ಅವನ ಹೆಂಡತಿ ಎತ್ತಿದಳು, ಇನ್ನು ಅವನು ಕೊಡೋದು ಬೇಡಮ್ಮ, ನಂಗೆ ಗುಣ ಆಗ್ತಿದೆ, ಹೊಟ್ಟೆ ತುಂಬ ಬಡಿಸು ಅವನಿಗೆ ಅಂದಾಗ ಆ ಕಡೆಯಿಂದ ಒಂದು ಉಸಿರು, ಉದ್ದನೆಯದು, ತಿಂಗಳುಗಟ್ಟಲೆ ಹಿಡಿದಿಟ್ಟದ್ದನ್ನು ಬಿಟ್ಟ ಹಾಗೆ. ಆ ಉಸಿರನ್ನು ಹೇಗೆ ವಾಪಸು ತುಂಬುವುದು.

ಅದೇ ಮಧ್ಯಾಹ್ನ ಕೋಟು ಮುಗಿಸಲು ಕೂತಳು. ತಮ್ಮ ಹಾಕಿ ನೋಡಲು ಬಂದಿದ್ದ, ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿ, ಕೆಲಸಕ್ಕೆ ಸೇರಿದಾಗ ಹೀಗಿದ್ದೆ ಅಲ್ವಾ, ಇನ್ಮೇಲೆ ಹೀಗೇ ಇರ್ತೀನಿ ನೋಡು ಅಂದಿದ್ದ, ಹೌದು ಕಣೋ ಮದುವಣಿಗನ ಹಾಗಿದೀಯ ಅಂದಿದ್ದಳು, ಒಳಗೆ ಮಡಿಚಿದ ಬಟ್ಟೆ ಎರಡು ಪಕ್ಕದಲ್ಲೂ ದಪ್ಪ ದಪ್ಪ ಏಳುತ್ತಿತ್ತು, ಅವನು ಹೋದ ಮೇಲೆ ಕತ್ತರಿ ತೆಗೆದುಕೊಂಡಳು. ಹೊಲಿಗೆ ಕಲಿಸಿದ ದೊಡ್ಡಮ್ಮ ಇದೊಂದನ್ನು ಕೈ ಮೇಲೆ ಹೊಡೆದು ಕಲಿಸಿದ್ದರು, ಮಾರ್ಜಿನ್ ಕತ್ತರಿಸಬೇಡ ಹುಡುಗಿ, ಹಾಕ್ಕೊಳ್ಳೋರ ಮೈ ಏನಾಗತ್ತೋ ನಿಂಗೇನು ಗೊತ್ತು, ಒಳಗೆ ಬಟ್ಟೆ ಬಿಟ್ಟಿರು, ಯಾವತ್ತಾದ್ರೂ ಬೇಕಾಗತ್ತೆ. ಇಷ್ಟು ವರ್ಷ ಯಾರದನ್ನೂ ಕತ್ತರಿಸಿರಲಿಲ್ಲ, ಗಿರಾಕಿ ಬೈದರೂ ಕತ್ತರಿಸಿರಲಿಲ್ಲ, ಆವತ್ತು ಕತ್ತರಿಸಿದಳು, ಖುಷಿಗೆ. ಮೈ ಹಗುರವಾಗಿತ್ತು, ಕಣಗಳು ಒಳಗೆ ಕೂತು ರಿಪೇರಿ ಮಾಡುತ್ತಿದ್ದವು, ಇನ್ನು ಯಾವುದಕ್ಕೂ ಹಿಂದಕ್ಕೆ ಹೋಗುವ ಪ್ರಮೇಯವೇ ಇಲ್ಲ ಅನ್ನಿಸಿತ್ತು, ಕಟಕಟಕಟ ಅಂತ ಕತ್ತರಿ ಓಡಿತು, ಎರಡು ಮರೂನ್ ಪಟ್ಟಿ ಸುರುಳಿಯಾಗಿ ಮಡಿಲಿಗೆ ಬಿದ್ದವು, ಒಂದನ್ನು ಕಸಕ್ಕೆ ಹಾಕಿ ಇನ್ನೊಂದನ್ನು ಚೆನ್ನಾಗಿದೆಯಲ್ಲ ಅಂತ ಡ್ರಾಯರಿಗೆ ಕಟ್ಟಿದಳು. ಹೊಟ್ಟೆ ತುಂಬ ಬಡಿಸು ಅಂತ ಅದೇ ದಿನ ಅದೇ ಬಾಯಲ್ಲಿ ಹೇಳಿದವಳಿಗೆ ಅವನು ತಿಂದರೆ ದಪ್ಪಗಾಗುತ್ತಾನೆ ಅಂತ ಹೊಳೆಯಲಿಲ್ಲ.

ಆಮೇಲಿನ ರಕ್ತಪರೀಕ್ಷೆಗಳೆಲ್ಲ ಮೊದಲಿನ ಹಾಗೇ, ಅದಕ್ಕಿಂತ ಒಂದು ಕೈ ಹೆಚ್ಚೇ, ಟೈ ಕಟ್ಟಿದವನು ಕಣಗಳಿಗೆ ಸಮಯ ಕೊಡಿ, ಇನ್ನೊಂದು ಸಲ ಚುಚ್ಚಿಸಿಕೊಳ್ಳಿ ಅನ್ನುತ್ತಾನೆ, ಮೇಷ್ಟ್ರ ಕುರ್ಚಿಯಲ್ಲಿ ಈಗ ಬೇರೆ ಯಾರೋ, ಅವಳು ಮಾತ್ರ ಅದೇ ಕುರ್ಚಿ, ಅದೇ ಮಿಷನ್ನು, ದಿನ ಬಿಟ್ಟು ದಿನ ಅಂಗಡಿಗೆ ಬೀಗ ಹಾಕಿ ಹೋಗಿ ಎಡಗೈ ಚಾಚುವುದು. ಡಯಾಲಿಸಿಸ್ ಸೂಜಿಗೆಂದು ಆಪರೇಷನ್ ಮಾಡಿ ಉಬ್ಬಿಸಿದ ಎಡಗೈಯ ನರ ಗುಂಯ್ ಅನ್ನುತ್ತಿರುತ್ತದೆ, ಮಲಗಿ ಕಿವಿಗಿಟ್ಟುಕೊಂಡರೆ ದೂರದಲ್ಲಿ ಯಾರೋ ಹೊಲಿಯುತ್ತಿರುವ ಸದ್ದು, ಮನೆಯಲ್ಲಿ ಅವಳ ಜೊತೆಗಿರುವ ಸದ್ದು ಅದೊಂದೇ. ತಮ್ಮನಿಗೆ ಹೇಳಿದ್ದು ಬೇರೆ, ಡಯಾಲಿಸಿಸ್ ಕಡಿಮೆ ಮಾಡಿದಾರೆ ಕಣೋ, ಬರಬರುತ್ತ ಪೂರ್ತಿ ಬಿಡಿಸ್ತಾರಂತೆ — ಸೆಕೆಯಲ್ಲೂ ತುಂಬುತೋಳು, ಸೂಜಿ ಚುಚ್ಚಿದಲ್ಲಿನ ಪ್ಲಾಸ್ಟರು ಕಾಣದಿರಲಿ ಅಂತ. ತೋಳು ಇನ್ನೂ ಸ್ವಲ್ಪ ಕೆಳಗೆಳೆದುಕೊಂಡಳು, ಬಾಗಿಲ ಗಂಟೆ ಕಿಣಿ ಅಂದಿತು, ಬಂದ.

ಅಕ್ಕಾ, ನೋಡು ನಿನ್ನ ಮದುವಣಿಗನ್ನ ಅಂತ ಕೈ ಅಗಲಿಸಿ ನಿಂತ, ಹಿತ್ತಾಳೆ ಗುಂಡಿಗಳು ಎಳೆದುಕೊಂಡು ಈಗಲೋ ಆಗಲೋ ಅನ್ನುತ್ತಿವೆ, ಕೆನ್ನೆ ತುಂಬಿದೆ, ಕೊರಳಿನ ನರ ಕಾಣುವುದಿಲ್ಲ, ಎಷ್ಟು ಚೆನ್ನಾಗಿ ಕಾಣುತ್ತಾನೆ, ದೇವರೇ. ಟೇಪು ಹಿಡಿದು ಅವನ ಎದೆಯ ಸುತ್ತ ತೋಳು ಹಾಕಿದಳು, ಬೆಚ್ಚಗಿದ್ದಾನೆ, ಇಷ್ಟು ಹತ್ತಿರ ಯಾರ ಮೈಯೂ ಸಿಕ್ಕಿ ಯಾವ ಕಾಲವಾಯಿತು, ಈಗ ಹೇಳಬೇಕು, ಅವನ ಮುಖ ನೋಡದೆ ಇಲ್ಲೇ ಬೆನ್ನ ಹಿಂದೆ ನಿಂತು ಹೇಳಿಬಿಡಬೇಕು, ಲೂಸ್ ಮಾಡೋದು ಬೇಡ ಕಣೋ, ಮತ್ತೆ ಸಣ್ಣ ಆಗ್ತೀಯಾ ನನಗೋಸ್ಕರ, ಅಷ್ಟೇ ತಾನೆ, ಬಾಯಿ ತೆರೆದಳು, ಒಣಗಿದ ನಾಲಿಗೆ ಕಿತ್ತು ಬರಲಿಲ್ಲ. ಅವನೇ ಕತ್ತು ತಿರುಗಿಸಿ ಮಾತಾಡಿದ, ನಿನ್ನ ಮುಖ ಸ್ವಲ್ಪ ಊದಿದ ಹಾಗಿದೆಯಲ್ಲಕ್ಕಾ. ನಿದ್ದೆ ಕಣೋ, ಜಾಸ್ತಿ ಮಲಗಿಬಿಟ್ಟೆ. ಹಾಗಾದ್ರೆ ಸರಿ, ನೀನು ಹುಷಾರಾದೆಯಲ್ಲ ಅದೇ ಸಾಕು, ನಿಜ ಹೇಳ್ಲಾ, ಆ ಆಪರೇಷನ್ ಅಂದ್ರೆ ನಂಗೆ ಜೀವ ಹೋಗ್ತಿತ್ತು ಕಣಕ್ಕಾ, ನನ್ನ ಹೆಂಡತಿ ಹತ್ರಾನೂ ಹೇಳಿರ್ಲಿಲ್ಲ, ಈಗ ನೆನೆಸ್ಕೊಂಡ್ರೆ ನಗು ಬರತ್ತೆ, ಅಂತ ನಿಜವಾಗಿಯೂ ನಕ್ಕ, ನಕ್ಕದ್ದು ಟೇಪಿನೊಳಗೆ ಅವಳ ಕೈಗೆ ತಿಳಿಯಿತು. ಕೋಟು ಬಿಚ್ಚಿ ಮಿಷನ್ನಿನ ಮೇಲಿಟ್ಟ, ಡ್ರಾಯರಿಗೆ ತಾಗಿಕೊಂಡೇ ನಿಂತಿದ್ದಾನೆ, ಮೊಣಕಾಲ ಹತ್ತಿರವೇ ಆ ಪಟ್ಟಿ, ನೋಡಲಿ ಅನ್ನಿಸಿತು, ನೋಡಿ ಕೇಳಲಿ, ಕೇಳಿದರೆ ಹೇಳುತ್ತೇನೆ — ನೋಡಲಿಲ್ಲ. ಒಳಗೆ ಬಟ್ಟೆ ಇದೆ ತಾನೆ ಅಕ್ಕಾ, ನೀನು ಬಿಟ್ಟೇ ಇರ್ತೀಯ ಬಿಡು. ಇದೆ ಅಂದಳು. ಬೇಕಾದಷ್ಟಿದೆ, ಸಂಜೆ ಡ್ಯೂಟಿಗೆ ಮುಂಚೆ ಬಾ. ಗಂಟೆ ಕಿಣಿ ಅಂದಿತು, ಬೀದಿಯ ಬಿಸಿಲಿಗೆ ಅಂಗಿಯಲ್ಲಿ ಹೋದ, ಅಂಗಡಿಯಲ್ಲಿ ಯಾರೂ ಇಲ್ಲ, ಕೈಯ ಗುಂಯ್ ಸದ್ದು, ಇಸ್ತ್ರಿಪೆಟ್ಟಿಗೆ ಮತ್ತೆ ಕೆಂಪಾಯಿತು, ಆರಿತು, ಕೋಟಿನ ಒಳಗಿನ ಅಸ್ತರು ಬಿಚ್ಚಬೇಕು, ಬಿಚ್ಚಿದರೆ ಏನು ಕಾಣುತ್ತದೆ ಅಂತ ಗೊತ್ತು, ಬಿಚ್ಚಲು ಕತ್ತರಿ ಬೇಕು, ಕತ್ತರಿ ಡ್ರಾಯರಿನಲ್ಲಿದೆ, ಡ್ರಾಯರ್ ಎಳೆಯಲು ಆ ಪಟ್ಟಿ ಹಿಡಿಯಬೇಕು, ಬೆರಳಗಲ, ಮರೂನ್, ಉದ್ದಕ್ಕೂ ಸೂಜಿತೂತು, ಆ ಪಟ್ಟಿ —