ಬಿಡದ ಕೊಕ್ಕೆ

ಹಡಗು ಕಟ್ಟಿದ ಕೈಗೆ ಒಂದು ಜಂಬ ಇರುತ್ತದೆ: ತಾನು ಬಿಗಿದದ್ದು ಕಳಚಬಾರದು. ವೈಯಾಲಾ ಬಂದರಿನಲ್ಲಿ ಹಡಗು ಕಟ್ಟುತ್ತಿದ್ದ ಡೆನ್ಜಿಲ್‌ಗೆ ಅದು ತುಸು ಹೆಚ್ಚೇ ಇತ್ತು. ವಯಸ್ಸಾದ ಮೇಲೆ ಊರಿನ ಮುದುಕರೆಲ್ಲ ಸೇರುವ ಶೆಡ್‌ನಲ್ಲಿ ಅಂಗವಿಕಲರಿಗೆ ಬೇಕಾದ್ದನ್ನು ಪುಕ್ಕಟೆ ಮಾಡಿಕೊಡುತ್ತಿದ್ದ.

ರೊವೀನಾ ಗಾಲಿಕುರ್ಚಿಯಲ್ಲಿ ಓಡಾಡುವವಳು, ಬೆರಳುಗಳಲ್ಲಿ ಕಸುವಿಲ್ಲ. ಬಿದ್ದದ್ದು ಎತ್ತಿಕೊಡಲು, ಬಾಗಿಲು ತೆರೆಯಲು ಟ್ಯಾನ್ಸಿ ಎಂಬ ನಾಯಿ. ಅದು ಇರುವುದರಿಂದಲೇ ಒಂಟಿಯಾಗಿ ಸಂಸಾರ ನಡೆಸುತ್ತಿದ್ದಳು, ಇಲ್ಲದಿದ್ದರೆ ಆಶ್ರಮವೇ ಗತಿ. ನಾಯಿಯ ಹಗ್ಗ ಹಿಡಿಯಲಾಗದ ಅವಳಿಗಾಗಿ ಡೆನ್ಜಿಲ್ ಕುರ್ಚಿಯ ಪಕ್ಕಕ್ಕೊಂದು ಉಕ್ಕಿನ ತೋಳು ಕೂರಿಸಿದ. ಅದರ ತುದಿಯ ಕೊಕ್ಕೆಗೆ ಹಗ್ಗ.

"ನಾನು ಎಳೆದ್ರೆ ಕೊಕ್ಕೆ ಬಿಟ್ಕೋಬೇಕು, ನೆನಪಿರ್ಲಿ."

"ಬಿಟ್ಕೊಳ್ಳತ್ತೆ ಮಾರಾಯ್ತಿ. ನಿನ್ನ ಗಂಡನಿಗಿಂತ ಬೇಗ ಬಿಟ್ಟು ಹೋಗತ್ತೆ."

"ಅಷ್ಟು ಬೇಗ ಬೇಡಪ್ಪ!" ಎಂದು ನಕ್ಕು, ಎಳೆದು ನೋಡಿ, ಒಪ್ಪಿ, ಕುರ್ಚಿಯನ್ನೂ ನಾಯಿಯನ್ನೂ ಹೊರಗೇ ಬಿಟ್ಟು, ಶೆಡ್‌ನ ಹಳೇ ಗಾಲಿಕುರ್ಚಿಯಲ್ಲಿ ಚಹಾ ಕುಡಿಯಲು ಒಳಗೆ ಹೋದಳು.

ಹೊರಗೆ ಟ್ಯಾನ್ಸಿ ಕಡಲಹಕ್ಕಿಯ ಹಿಂದೆ ಹಾರಿತು. ಕೊಕ್ಕೆ ಕಳಚಿತು. "ಇವನು ಕಟ್ಟಿದ ಹಡಗುಗಳ ಗತಿ ದೇವರೇ ಬಲ್ಲ!" ಎಂದು ಗೆಳೆಯರು ಹಲ್ಲು ಕಿರಿದರು. ಡೆನ್ಜಿಲ್‌ಗೆ ಮೈ ಉರಿಯಿತು. ಅವರು ಅತ್ತ ಹೋದ ಮೇಲೆ ಕೊಕ್ಕೆಯ ಸ್ಪ್ರಿಂಗ್ ಕಿತ್ತು ಗಡುಸಾದ ಇನ್ನೊಂದನ್ನು ಹಾಕಿದ. ಅವಳಿಗೆ ಹೇಳಲಿಲ್ಲ.

ಅದೇ ಸಂಜೆ ಅವಳು ಮನೆಗೆ ಹೋಗುವಾಗ, ದೋಣಿ ಇಳಿಸುವ ಇಳಿಜಾರಿನ ಪಾಚಿಯಲ್ಲಿ ಕುರ್ಚಿ ಜಾರಿ ಸಮುದ್ರಕ್ಕೆ ಬಿತ್ತು. ಮೀನು ಹಿಡಿಯುತ್ತಿದ್ದವರು ರೊವೀನಾಳನ್ನು ಎಳೆದು ಹಾಕಿದರು. ಕುರ್ಚಿ ಮುಳುಗಿತು, ಅದಕ್ಕೆ ಕಟ್ಟಿದ್ದ ನಾಯಿಯೂ.

ಆಸ್ಪತ್ರೆಯಿಂದ ಬಂದವಳು ಬಾಡಿಗೆ ಕುರ್ಚಿಯಲ್ಲಿ ನೇರ ಶೆಡ್‌ಗೇ ಬಂದಳು.

"ಇನ್ನೊಂದು ನಾಯಿ ಕೊಡ್ತಾರಂತೆ. ಬೇಡ ಅಂದೆ. ಆಶ್ರಮಕ್ಕೇ ಹೋಗ್ತೀನಿ. ಎಳೆದೆ ಡೆನ್ಜಿಲ್, ಎರಡೂ ಕೈಲಿ ಎಳೆದೆ. ಟ್ಯಾನ್ಸಿ ನನ್ನನ್ನೇ ನೋಡ್ತಿದ್ಲು. ನೀವು ಸರಿಯಾಗೇ ಮಾಡಿದ್ರಿ, ಈ ದರಿದ್ರ ಕೈಗೆ ಆಗ್ಲಿಲ್ಲ. ಇಂಥ ಕೈಗೆ ಇನ್ನೊಂದು ಜೀವ ಒಪ್ಪಿಸ್ತಾರಾ?"

ಸ್ಪ್ರಿಂಗಿನ ವಿಷಯ ಬಲ್ಲವನು ಅವನೊಬ್ಬನೇ. ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಹಾಳು ಮಾನ!

"ನಿನ್ನ ಕೈಯ ತಪ್ಪಲ್ಲಮ್ಮ," ಎಂದ. "ನೀನು ಒಳಗಿದ್ದಾಗ ಸ್ಪ್ರಿಂಗ್ ಬದಲಾಯಿಸ್ಬಿಟ್ಟೆ. ನನಗೂ ಅದನ್ನ ಎಳೆಯೋಕೆ ಕಷ್ಟ."

ರೊವೀನಾ ತನ್ನ ಬೆರಳುಗಳನ್ನೇ ನೋಡುತ್ತ ಕೂತಳು. ಆಮೇಲೆ ಅತ್ತಳು. ಶೆಡ್‌ನಲ್ಲಿದ್ದವರು ಯಾರೂ ಹತ್ತಿರ ಬರಲಿಲ್ಲ.

"ನಾಯಿಗೆ ಹೂಂ ಅಂತೀನಿ," ಎಂದು ಕುರ್ಚಿ ತಿರುಗಿಸಿದಳು. "ಅದು ಬಂದ ಮೇಲೆ ನೀನು ನಮ್ಮನೆ ಕಡೆ ತಲೆ ಹಾಕಿಯೂ ಮಲಗಬೇಡ."