ಮೇಲೊಂದು ಹಿಡಿ

ಕುಭಾ ನದಿಯಿಂದ ಸಿಂಧೂ ನದಿಯವರೆಗೆ ನನ್ನಷ್ಟು ಉದ್ದದ ನಾಲಿಗೆ ಇನ್ನೊಬ್ಬನಿಗಿಲ್ಲ. ಪುಷ್ಕಲಾವತಿಯ ಹೊಳೆದಂಡೆಯಲ್ಲಿ ನಿಂತು ನಾನು ಆಕಳಿಸಿದರೆ ಆಚೆ ದಡದ ಕತ್ತೆಗಳು ಹಗ್ಗ ಕಿತ್ತುಕೊಂಡು ಓಡುತ್ತವೆ. ಬೆಟ್ಟದಲ್ಲಿ ಬೀಟೆ ಮರ ಕಡಿದು, ದಿಮ್ಮಿಗಳನ್ನು ಹೊಳೆಗೆ ಉರುಳಿಸಿ, ತೇಲಿಸಿಕೊಂಡು ಬರುವುದು ನನ್ನ ಕಸುಬು. ಆ ದಿಮ್ಮಿಗಳು ಇಲ್ಲಿಂದ ಗಾಡಿ ಏರಿ, ಒಂಟೆ ಏರಿ, ಪಾರಸಿಕ ಮಹಾರಾಜನ ಶೂಷಾ ಅರಮನೆಗೆ ಹೋಗುತ್ತವೆ. ಅವನು ಲೋಕವನ್ನೆಲ್ಲ ಆಳುವುದು ದಂಡಿಲ ಎಂಬ ನಾನು ಕಡಿದ ಮರದ ಮೇಲೆ ಕೂತು. ನಾನೊಂದು ವರ್ಷ ಜ್ವರ ಬಂದು ಮಲಗಿದೆನೆಂದರೆ ಮಹಾರಾಜ ಚಾಪೆಯ ಮೇಲೆ ಕೂರಬೇಕಾಗುತ್ತದೆ.

ಇದನ್ನು ನಮ್ಮೂರಲ್ಲಿ ಯಾರೂ ಸುಳ್ಳು ಅನ್ನುವುದಿಲ್ಲ. ನಮ್ಮಲ್ಲಿ ಜವೆಗೋಧಿ ಅಳೆದು ಕೊಟ್ಟ ಮೇಲೆ ಕೊಳಗದ ನೆತ್ತಿಗೆ ಇನ್ನೊಂದು ಹಿಡಿ ಹಾಕಬೇಕು. ಹಾಕದವನು ಜಿಪುಣ, ಅವನ ಮನೆಗೆ ಹೆಣ್ಣು ಕೊಡುವವರಿಲ್ಲ. ಮಾತಿಗೂ ಅದೇ ಮರ್ಯಾದೆ. ಒಬ್ಬ ಕೋಳಿಯಷ್ಟು ದೊಡ್ಡ ಮೀನು ಹಿಡಿದೆ ಅಂದರೆ, ಕೇಳಿದವನು ‘ಕೋಳಿಯಷ್ಟೇನೋ? ನಾನು ನೋಡಿದಾಗ ಮೇಕೆಯಷ್ಟಿತ್ತು’ ಅನ್ನಬೇಕು. ಇದಕ್ಕೆ ನಾವು ಮೇಲ್ಹಿಡಿ ಅನ್ನುತ್ತೇವೆ.

ಪಾರಸಿಕರಿಗೆ ಮೇಲ್ಹಿಡಿ ಗೊತ್ತಿಲ್ಲ. ಕೊಲೆಯನ್ನಾದರೂ ಅವರು ಕ್ಷಮಿಸಿಯಾರು, ಸುಳ್ಳನ್ನು ಕ್ಷಮಿಸುವುದಿಲ್ಲ. ಸುಳ್ಳಿಗೆ ಅವರ ಬಾಯಲ್ಲಿರುವ ಮಾತು ನಮ್ಮ ಕಿವಿಗೆ ದ್ರೋಹ ಎಂದೇ ಬೀಳುತ್ತದೆ. ಸುಳ್ಳು ಆಡಿದ್ದು ಸಾಬೀತಾದರೆ ನಾಲಿಗೆ ಕತ್ತರಿಸುತ್ತಾರೆ.

ಇದು ಗೊತ್ತಿದ್ದೂ ನಾನು ಅವತ್ತು ಸಂಜೆ ಹೆಂಡದಂಗಡಿಯಲ್ಲಿ ಬಾಯಿ ಬಿಟ್ಟೆ. ಕಾಪಿಶದ ದ್ರಾಕ್ಷಿ ಮದ್ಯ ಆಗಷ್ಟೇ ಇಳಿದಿತ್ತು. ನಾನು ಕುಡಿದದ್ದು ಒಂದು ಕೆರೆಯಷ್ಟು. ಎದುರಿಗೆ ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿದ ಪರದೇಶಿಯೊಬ್ಬ ಕೂತಿದ್ದ. ನಮ್ಮ ಮಾತು ಅವನಿಗೆ ಚೆನ್ನಾಗಿ ಬರುತ್ತಿತ್ತು.

“ನಿಮ್ಮ ಬೆಟ್ಟದಲ್ಲಿ ದೊಡ್ಡ ಮರ ಇದಾವಾ?” ಅಂದ.

“ದೊಡ್ಡದಾ? ಗಿಡುಗನ ಗುಡ್ಡದ ಮೇಲೆ ನಂದೊಂದು ಬೀಟೆ ಐತೆ ಕಣಣ್ಣಾ. ಹತ್ತು ಜನ ಕೈ ಕೈ ಹಿಡ್ಕೊಂಡ್ರೂ ತಬ್ಬಕ್ಕಾಗಲ್ಲ. ಅದರ ತುದೀಲಿ ಕೂತ ಹದ್ದಿಗೆ ನೆಲ ಕಾಣಲ್ಲ, ಮೊಟ್ಟೆ ಬಿದ್ರೆ ಕೆಳಗೆ ಬರೋದ್ರೊಳಗೆ ಮರಿಯಾಗಿ ಹಾರೋಗ್ತದೆ!”

ಅಂಗಡಿಯೆಲ್ಲ ನಕ್ಕಿತು. ಒಬ್ಬ ಮೂಲೆಯಿಂದ “ಮರಿಯಲ್ಲಲೇ, ಮರಿಗೆ ಮರಿ!” ಅಂತ ಮೇಲ್ಹಿಡಿ ಹಾಕಿದ. ಟೋಪಿಯವನು ಮಾತ್ರ ನಗಲಿಲ್ಲ, ಏನೂ ಸೇರಿಸಲಿಲ್ಲ. ತಲೆಯಾಡಿಸಿ, ತನ್ನ ಬಟ್ಟಲನ್ನು ತುಟಿಗೂ ತಾಗಿಸದೆ ಎದ್ದು ಹೋದ. ಆಗಲೇ ನನ್ನ ಬೆನ್ನು ತಣ್ಣಗಾಗಬೇಕಿತ್ತು.

ಬೆಳಗ್ಗೆ ಈಟಿ ಹಿಡಿದವರು ಬಂದು ನನ್ನನ್ನು ಹಾಸಿಗೆಯಿಂದಲೇ ಎಬ್ಬಿಸಿಕೊಂಡು ಹೋದರು. ಒಂದು ಸೈನ್ಯವೇ ಬಂದಿತ್ತು ಅನ್ನಬಹುದಿತ್ತು, ಬಂದವರು ಇಬ್ಬರು. ಕೋಟೆಯ ಹೆಬ್ಬಾಗಿಲಲ್ಲಿ ನೀರು ಕೊಡುವ ಮುದುಕನೊಬ್ಬ ಕೂತಿರುತ್ತಾನೆ. ಅವನು ನನಗೆ ಕುಡಿಕೆಯಲ್ಲಿ ನೀರು ಚಾಚಿದ. ‘ಒಳಗೆ ಏನು ವಿಷಯ ಅಜ್ಜಾ’ ಅಂತ ಕೇಳಿದೆ. ಅವನು ಬಾಯಿ ತೆರೆದು ತೋರಿಸಿದ. ಒಳಗೆ ಕಪ್ಪಗೆ, ಖಾಲಿಯಾಗಿತ್ತು. ಬುಡದಲ್ಲೊಂದು ತುಂಡು ಮಾಂಸ ಮಿಸುಕಾಡುತ್ತಿತ್ತು. ಇದಕ್ಕೆ ನಾನು ಮೇಲ್ಹಿಡಿ ಹಾಕುತ್ತಿಲ್ಲ. ಹಾಕುವ ಧೈರ್ಯವಿಲ್ಲ.

ಸಭಾಂಗಣದಲ್ಲಿ ಬೆಂಕಿಯ ಕುಂಡ ಉರಿಯುತ್ತಿತ್ತು. ಅದರ ಹಿಂದೆ ಅದೇ ಉಣ್ಣೆಯ ಟೋಪಿ. ಬಗಪಾತ ಅಂತ ಅವನ ಹೆಸರು. ಈ ಸೀಮೆ ಆಳುವ ಕ್ಷತ್ರಪನಿಗೂ ಮೇಲಿನವನು, ‘ಮಹಾರಾಜನ ಕಿವಿ’ ಅನ್ನುವ ಹುದ್ದೆ. ಪಕ್ಕದಲ್ಲಿ ದುಭಾಷಿಯಾಗಿ ನನ್ನ ಹೆಂಡತಿಯ ಅಣ್ಣ ಮೊಗ್ಗಿಲ ನಿಂತಿದ್ದ. ಬಗಪಾತನಿಗೆ ನಮ್ಮ ಮಾತು ಬರುತ್ತಿದ್ದರೂ ಸಭೆಯಲ್ಲಿ ಅವನು ಆಡುವುದು ತನ್ನ ಭಾಷೆಯನ್ನೇ. ದುಭಾಷಿ ಒಂದಕ್ಷರ ಆಚೀಚೆ ಮಾಡಿದರೂ ಗೊತ್ತಾಗುತ್ತದೆ.

“ಶೂಷೆಯಲ್ಲಿ ಮಹಾರಾಜರಿಗೆ ಹೊಸ ಸಭಾಮಂಟಪ ಎದ್ದಿದೆಯಂತೆ,” ಮೊಗ್ಗಿಲ ಹೇಳುತ್ತ ಹೋದ. “ಅದರ ಬಾಗಿಲಿಗೆ ನಿನ್ನ ಮರ ಬೇಕಂತೆ. ನೋಡಕ್ಕೆ ಗುಡ್ಡಕ್ಕೆ ಕುದುರೆಯವರನ್ನ ಕಳಿಸಿದಾರಂತೆ. ನಾಳೆ ಬೆಳಗ್ಗೆ ವಾಪಸು ಬರ್ತಾರೆ. ಮರ ನೀನು ಹೇಳಿದಷ್ಟು ಇದ್ರೆ ನಿನಗೆ ರೇಷ್ಮೆಯಂಥ ನಿಲುವಂಗಿ. ಇಲ್ದಿದ್ರೆ...”

“ಇಲ್ದಿದ್ರೆ?”

ಮೊಗ್ಗಿಲ ಬೆಂಕಿಯ ಕಡೆ ನೋಡಿದ. ಕುಂಡದ ಅಂಚಿನಲ್ಲಿ ಒಂದು ಇಕ್ಕಳ ಕಾಯುತ್ತಿತ್ತು.

ನಿಜ ಹೇಳುತ್ತೇನೆ, ಗಿಡುಗನ ಗುಡ್ಡದಲ್ಲಿ ಬೀಟೆ ಇರುವುದು ಹೌದು. ನಾನೊಬ್ಬನೇ ತಬ್ಬಿದರೆ ಬೆರಳಿಗೆ ಬೆರಳು ತಾಗುತ್ತದೆ.

ನನ್ನನ್ನು ಕತ್ತಲ ಕೋಣೆಯೊಂದರಲ್ಲಿ ಕೂಡಿಹಾಕಿದರು. ಬಾಯೊಳಗೆ ನಾಲಿಗೆ ಒಂದು ಬಡಪಾಯಿ ಪ್ರಾಣಿಯ ಹಾಗೆ ಹಲ್ಲಿನ ಹಿಂದೆ ಅವಿತುಕೊಂಡಿತ್ತು. ಗಳಿಗೆಗೊಮ್ಮೆ ಅದನ್ನು ಹಲ್ಲಿನಿಂದ ಕಚ್ಚಿ ಕಚ್ಚಿ, ಇನ್ನೂ ಇದೆಯಾ ಅಂತ ನೋಡಿಕೊಳ್ಳುತ್ತಿದ್ದೆ. ಮಧ್ಯಾಹ್ನ ಇಳಿಯುವಾಗ ಮೊಗ್ಗಿಲ ರೊಟ್ಟಿ ತಂದವನ ಹಾಗೆ ಬಂದು ಬಾಗಿಲ ಸಂದಿಯಲ್ಲಿ ಬಗ್ಗಿದ.

“ಭಾವಾ, ಬಾಯಿ ಮುಚ್ಕೊಂಡು ಕೇಳು. ಹುಟ್ಟಿದಾಗಿಂದ ಒಂದ್ಸಲನಾದ್ರೂ ಬಾಯಿ ಮುಚ್ಕೊ. ಇವರಲ್ಲೊಂದು ಪದ್ಧತಿ ಐತೆ. ದೊಡ್ಡ ವಿಷಯ ಏನೇ ಇರಲಿ, ಕುಡಿದು ಮಾತಾಡ್ತಾರೆ. ಮಾರನೇ ದಿನ ಅಮಲಿಳಿದ ಮೇಲೆ ಅದನ್ನೇ ಇನ್ನೊಂದ್ಸಲ ಕೇಳ್ತಾರೆ. ಆಗಲೂ ಒಪ್ಪಿದ್ರೆ ಮಾತ್ರ ಅದು ಮಾತು. ಇಲ್ದಿದ್ರೆ ಬಿದ್ದೋಯ್ತು.”

“ಅಂದ್ರೆ ನಾನು ಅಂಗಡೀಲಿ ಆಡಿದ್ದು...”

“ಅರ್ಧ ಮಾತು. ನಾಳೆ ಕುದುರೆಯವರು ಬಾಯಿ ಬಿಡೋ ಮೊದಲು ನೀನು ಕೇಳ್ಕೊ. ‘ನಿಮ್ಮ ಪದ್ಧತಿ ಪ್ರಕಾರ ನನ್ನನ್ನ ಅಮಲಿಲ್ದಾಗ ಕೇಳಿ’ ಅನ್ನು. ಆಮೇಲೆ ಇದ್ದದ್ದು ಇದ್ದಷ್ಟೇ ಹೇಳು. ಒಂದೆಳೆ ಸೇರಿಸಬೇಡ.”

ಸಂತೋಷಕ್ಕೆ ನಾನು ಆ ಕೋಣೆಯ ಚಾವಣಿಯವರೆಗೆ ಹಾರಿದೆ. ಚಾವಣಿ ನನ್ನ ಭುಜಕ್ಕಿತ್ತು, ಆ ಮಾತು ಬೇರೆ. ಆದರೆ ಮೊಗ್ಗಿಲ ಹೊರಡಲಿಲ್ಲ. ಸಂದಿಯಲ್ಲಿ ಅವನ ಒಂದು ಕಣ್ಣಷ್ಟೇ ಕಾಣುತ್ತಿತ್ತು. ಅದರಲ್ಲಿ ನೀರಿತ್ತು.

“ಇನ್ನೊಂದು ಐತೆ ಭಾವಾ. ಇವತ್ತು ಬೆಳಗ್ಗೆ ನಿನ್ನ ಕರ್ಕೊಂಡು ಬಂದ ಮೇಲೆ ಬಗಪಾತ ನಿಮ್ಮನೆಗೆ ಹೋಗಿದ್ದ. ನನ್ನ ತಂಗೀನ ಕೇಳಿದ, ‘ನಿನ್ನ ಗಂಡ ಹೇಳೋ ಮರ ನಿಜವಾ’ ಅಂತ.”

“ಪಿಂಗಳೆ ಏನಂದ್ಲು?”

“ಏನಂತಾಳೆ? ಪರಸ್ಥಳದವನು ಮನೆ ಬಾಗಿಲಿಗೆ ಬಂದು ಗಂಡನ ಮಾತು ಕೇಳಿದ್ರೆ ನಮ್ಮ ಹೆಣ್ಮಕ್ಕಳು ಏನಂತಾರೋ ಅದನ್ನೇ. ಮೇಲ್ಹಿಡಿ ಹಾಕಿದ್ಲು. ‘ಹತ್ತು ಜನ ಅಂದ್ರಾ? ನಮ್ಮನೆಯವರು ಎಲ್ಲಾನೂ ಕಮ್ಮಿ ಮಾಡಿ ಹೇಳ್ತಾರೆ. ಇಪ್ಪತ್ತು ಜನ ಬೇಕು. ಅದರ ಪೊಟರೇಲಿ ಕುರಿಮಂದೆ ಕಟ್ತೀವಿ’ ಅಂದ್ಲು.”

ನಾನು ನಿಜ ಹೇಳಿದರೆ ಅವಳು ಸುಳ್ಳಿಯಾಗುತ್ತಾಳೆ. ನಾನು ಕುಡಿದಿದ್ದೆ, ಅವಳು ಕುಡಿದಿರಲಿಲ್ಲ. ಪಿಂಗಳೆಗೆ ಮದ್ಯದ ವಾಸನೆ ಮೂಗಿಗೆ ಬಡಿದರೂ ಸಾಕು, ಅಂಗಳಕ್ಕೆ ಓಡಿ ವಾಂತಿ ಮಾಡುತ್ತಾಳೆ. ಕುಡಿದು ಬಂದ ದಿನ ನನ್ನನ್ನು ಕೊಟ್ಟಿಗೆಯಲ್ಲಿ ಮಲಗಿಸುತ್ತಾಳೆ. ಇದು ಊರಿಗೆ ಗೊತ್ತು, ಅವಳಣ್ಣನಿಗೆ ಗೊತ್ತು, ಕೊಟ್ಟಿಗೆಯ ಎತ್ತಿಗೂ ಗೊತ್ತು.

ಮಾರನೇ ದಿನ ನನ್ನನ್ನು ಬೆಂಕಿಯ ಮುಂದೆ ನಿಲ್ಲಿಸಿದಾಗ ಪಿಂಗಳೆಯನ್ನೂ ಕರೆತಂದಿದ್ದರು. ಅವಳ ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ನನ್ನನ್ನು ನೋಡಬಾರದೆಂದು ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಕುದುರೆಯವರು ಬಾಗಿಲಲ್ಲಿ ಧೂಳು ಕೊಡವುತ್ತ ನಿಂತಿದ್ದರು. ಇಕ್ಕಳದ ಬಾಯಿ ಕೆಂಪಗಾಗಿತ್ತು.

“ದಣೀ,” ಅಂದೆ. “ನಿಮ್ಮ ಪದ್ಧತಿ ಪ್ರಕಾರ ನನ್ನನ್ನ ಅಮಲಿಲ್ದಾಗ ಇನ್ನೊಂದ್ಸಲ ಕೇಳಿ.”

ಬಗಪಾತ ಮೊದಲ ಸಲ ನನ್ನ ಮುಖ ನೋಡಿದ. ಕುದುರೆಯವರಿಗೆ ಸುಮ್ಮನಿರಲು ಕೈ ತೋರಿಸಿದ. ನನಗೆ ನೀರು ಕುಡಿಸಿದರು, ಬಾಯಿ ಮೂಸಿದರು. ಆಮೇಲೆ ಕೇಳಿದ.

ನಿಜ ಹೇಳುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ. ಬೆಟ್ಟದಿಂದ ದಿಮ್ಮಿ ಉರುಳಿಸಿದವನು ನಾನು. ಅದು ಹೊರಟ ಮೇಲೆ ನಿಲ್ಲಿಸಲು ಬರುವುದಿಲ್ಲ. ‘ತಬ್ಬಿದರೆ’ ಅನ್ನುವಷ್ಟರಲ್ಲೇ ನಾಲಿಗೆ ‘ಆನೆ’ ಅನ್ನುವುದಕ್ಕೆ ಹೊರಟಿತು. ಅದನ್ನು ರಕ್ತ ಬರುವ ಹಾಗೆ ಕಚ್ಚಿ ಹಿಡಿದೆ.

“ನಾನೊಬ್ನೇ ತಬ್ಬಿದ್ರೆ ಬೆರಳಿಗೆ ಬೆರಳು ತಾಗ್ತದೆ ದಣೀ. ಅಷ್ಟೇ.”

ಕುದುರೆಯವನು ಹೌದೆಂದು ತಲೆಯಾಡಿಸಿದ. ಬಗಪಾತ ಕೈ ತಿರುಗಿಸಿ ಬಿಟ್ಟ, ನೊಣ ಓಡಿಸಿದ ಹಾಗೆ. ನನ್ನ ನಾಲಿಗೆ ನನ್ನದೇ ಆಯಿತು. ಆದರೆ ಅವನು ಈಗ ಗೋಡೆಯ ಕಡೆ ತಿರುಗಿದ.

“ಹಾಗಾದ್ರೆ ಈಕೆ ಇಪ್ಪತ್ತು ಜನ ಅಂದಳಲ್ಲ ಅಂತ ಕೇಳ್ತಿದಾರೆ,” ಮೊಗ್ಗಿಲ ಹೇಳಿದ.

ಬೆಂಕಿ ಪಾರಸಿಕರಿಗೆ ದೇವರಿದ್ದ ಹಾಗೆ. ಬೆಂಕಿಯ ಮುಂದೆ ಸುಳ್ಳಾಡಿದವನ ಗತಿ ನಾಲಿಗೆಯಷ್ಟಕ್ಕೇ ಮುಗಿಯುವುದಿಲ್ಲ ಅಂತ ಕೇಳಿದ್ದೆ. ಆದರೂ ನನ್ನ ಬಾಯಿ ತೆರೆಯಿತು.

“ಅವಳೂ ಕುಡಿದಿದ್ಲು ದಣೀ.”

“ಎಷ್ಟು?” ಬಗಪಾತನ ಪ್ರಶ್ನೆ ಮೊಗ್ಗಿಲನ ಬಾಯಿಂದ ಬಂತು.

ಜನ್ಮದಲ್ಲಿ ಯಾವುದನ್ನೂ ಇದ್ದಷ್ಟೇ ಹೇಳಿದವನಲ್ಲ ನಾನು. ಅವತ್ತು ಸಾಸಿವೆಯಷ್ಟು ಸಣ್ಣ ಸುಳ್ಳು ಹೇಳಿದೆ. “ಒಂದು ಬಟ್ಟಲು.”

ಮೊಗ್ಗಿಲ ಅದನ್ನು ತಿರುಗಿಸಿ ಹೇಳಬೇಕಿತ್ತು. ಹೇಳಲಿಲ್ಲ. ಬೆಂಕಿಯಲ್ಲಿ ಒಂದು ಕೊಳ್ಳಿ ಸಿಡಿಯಿತು. ಆ ಒಂದು ಗಳಿಗೆ ನನಗೆ ನೂರು ಚಳಿಗಾಲವಾಯಿತು. ಆಮೇಲೆ ನನ್ನ ಭಾವ, ತನ್ನ ತಂಗಿಯ ವಾಂತಿ ಬಳಿದು ಬೆಳೆದವನು, ಅದೇ ಮಾತನ್ನು ಪಾರಸಿಕ ಭಾಷೆಯಲ್ಲಿ, ಒಂದಕ್ಷರ ಹೆಚ್ಚಿಲ್ಲದೆ ಹೇಳಿದ. ಈಗ ಸುಳ್ಳು ಇಬ್ಬರದಾಯಿತು. ಪಿಂಗಳೆ ಏನು ಅನ್ನುತ್ತಾಳೋ ಅದರ ಮೇಲೆ ಮೂರು ನಾಲಿಗೆ ನೇತಾಡುತ್ತಿತ್ತು.

ಬಗಪಾತ ತಾನೇ ಎದ್ದು ಅವಳ ಹಿಂದೆ ಹೋಗಿ ನಿಂತ. ದುಭಾಷಿಯನ್ನು ಬಿಟ್ಟು, ನಮ್ಮ ಮಾತಿನಲ್ಲೇ ಮೆಲ್ಲಗೆ ಕೇಳಿದ. “ನಿನ್ನೆ ಕುಡಿದಿದ್ದೆಯಾ?”

ಗೋಡೆಗೆ ಮುಖ ಮಾಡಿದ್ದ ಪಿಂಗಳೆ ಕೈಗೆ ಮೆತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

“ಒಂದು ಅಂದ್ರಾ ಅವರು?” ಅಂದಳು ಕೊನೆಗೆ. “ಹೆಂಡ್ತಿ ಮರ್ಯಾದೆ ಉಳಿಸ್ತಿದಾರೆ. ಮೂರು ಕುಡ್ದಿದ್ದೆ. ಗಂಡನ್ನ ಈಟಿಯವರು ಎಳ್ಕೊಂಡು ಹೋದ ದಿನ ಯಾರು ತಾನೇ ಕುಡಿಯಲ್ಲ?”

ಬಾಗಿಲಲ್ಲಿದ್ದ ಕಾವಲಿನವನೊಬ್ಬ, ನಮ್ಮೂರವನೇ, ಗೊಳ್ಳೆಂದು ನಕ್ಕು ಬಾಯಿ ಮುಚ್ಚಿಕೊಂಡ. ಬಗಪಾತ ನಗಲಿಲ್ಲ. ಟೋಪಿಯ ಅಂಚನ್ನು ಸರಿಸಿ ತನ್ನ ಕಿವಿಯನ್ನು ಒಮ್ಮೆ ಮುಟ್ಟಿಕೊಂಡ. ಅಮಲಿಳಿದ ಮೇಲೆ ಮರದ ಅಳತೆ ಎಷ್ಟು ಅಂತ ಅವಳನ್ನೂ ಕೇಳಿದ. ‘ನಮ್ಮನೆಯವರು ಹೇಳಿದಷ್ಟು’ ಅಂದಳು.

“ನಿನ್ನ ಬಾಯಿ ಮೂಸೋದಕ್ಕೆ ನನಗೆ ಒಂದು ದಿನ ತಡವಾಯ್ತು,” ಅಂದ ಬಗಪಾತ. “ಹೋಗಿ. ಆ ಸಣ್ಣ ಮರವನ್ನೇ ಕಡಿದು ತನ್ನಿ. ನಾನು ಈ ಊರಲ್ಲೇ ಇರ್ತೀನಿ.”

ಇಕ್ಕಳವನ್ನು ಬೆಂಕಿಯಿಂದ ಹೊರಗೆ ತೆಗೆಯಲಿಲ್ಲ, ಅದನ್ನು ನೋಡಿಕೊಂಡೇ ನಾವು ಹೊರಗೆ ಬಂದದ್ದು.

ಮನೆಗೆ ಬಂದು ಪಿಂಗಳೆ ಮೂಲೆಯಲ್ಲಿ ನಾನು ಬಚ್ಚಿಟ್ಟಿದ್ದ ಮದ್ಯದ ಗಡಿಗೆಯನ್ನು ನಡುಮನೆಗೆ ಎಳೆದು ತಂದಳು. ಎಲ್ಲಿ ಬಚ್ಚಿಟ್ಟಿದ್ದೆ ಅಂತ ಅವಳಿಗೆ ಮದುವೆಯಾದ ದಿನದಿಂದಲೂ ಗೊತ್ತಿತ್ತಂತೆ.

“ಬಾಗಿಲು ತೆಗೆದಿಡಿ,” ಅಂದಳು. “ವಾಸನೆ ಬೀದಿಗೆ ಹೋಗಲಿ. ಕೇಳೋರಿಗೆ ಕೇಳಲಿ.”

ಮೂಗು ಹಿಡಿದುಕೊಂಡು ಒಂದು ಬಟ್ಟಲು ಕುಡಿದಳು. ಕಣ್ಣಲ್ಲಿ ನೀರು ಬಂತು. ಇನ್ನೊಂದು ಕುಡಿದಳು, ಗೋಡೆ ಹಿಡಿದು ನಿಂತಳು. ಮೂರನೆಯದನ್ನು ಕುಡಿಯುವಾಗ ಅಂಗಳದ ಗೋಡೆಯಾಚೆ ಯಾರೋ ನಡೆದು ಬಂದು ನಿಂತ ಸದ್ದಾಯಿತು. ಗೋಡೆಯ ಮೇಲೆ ಉಣ್ಣೆಯ ಟೋಪಿಯ ತುದಿ ಮಾತ್ರ ಕಾಣುತ್ತಿತ್ತು. ಅದು ಅಲ್ಲಾಡಲಿಲ್ಲ.

ಪಿಂಗಳೆ ಅದನ್ನು ನೋಡಿರಲಿಲ್ಲ. ತಲೆ ತಿರುಗಿ ನಗು ಬಂದಿತ್ತು ಅವಳಿಗೆ. ಖಾಲಿ ಬಟ್ಟಲನ್ನು ನನ್ನ ಮುಂದೆ ಚಾಚಿದಳು.

“ಇನ್ನೊಂದು ಹಾಕ್ರೀ. ಮೇಲ್ಹಿಡಿ.”

ನಾನು ಗಡಿಗೆಯ ಬಾಯಿಗೆ ಅಂಗೈ ಮುಚ್ಚಿದೆ.

“ಬೇಡ ಮಾರಾಯ್ತಿ,” ಅಂದೆ, ಟೋಪಿಗೆ ಕೇಳುವಷ್ಟು ಗಟ್ಟಿಯಾಗಿ. “ನೀನು ದಿನಾ ಕುಡಿಯೋದು ಮೂರು. ಮೂರೇ ಇರಲಿ.”